ಸದ್ಯಕ್ಕೆಂದು ತಂದ ಹಡಗು

1815ರ ಜುಲೈ 15ರ ಬೆಳಗ್ಗೆ, ವಾಟರ್ಲೂ ಕದನದಲ್ಲಿ ಸೋತ ನೆಪೋಲಿಯನ್ ಫ್ರಾನ್ಸಿನ ಪಶ್ಚಿಮ ತೀರದಲ್ಲಿ ಒಂದು ಬ್ರಿಟಿಷ್ ಯುದ್ಧನೌಕೆ ಏರಿ ಶರಣಾದ. ಹಡಗಿನ ಹೆಸರು ‘ಬೆಲೆರೊಫನ್’. 74 ಫಿರಂಗಿಗಳ ಈ ಹಡಗು 1798ರ ನೈಲ್ ಕದನದಲ್ಲೂ 1805ರ ಟ್ರಫಾಲ್ಗರ್ ಕದನದಲ್ಲೂ ಹೋರಾಡಿತ್ತು. ಅದು ಇಂಗ್ಲೆಂಡಿನ ತೀರಕ್ಕೆ ಬಂದಾಗ ಸೋತ ಚಕ್ರವರ್ತಿಯನ್ನು ನೋಡಲು ಜನ ದೋಣಿ ದೋಣಿ ತುಂಬಿಕೊಂಡು ಹೋದರು. ಆಗಸ್ಟಿನಲ್ಲಿ ಅವನನ್ನು ಬೇರೆ ಹಡಗಿಗೆ ಹತ್ತಿಸಿ ಸೇಂಟ್ ಹೆಲೆನಾ ದ್ವೀಪಕ್ಕೆ ಕಳಿಸಿದರು. ಆಮೇಲೆ ಬೆಲೆರೊಫನ್ ಏನಾಯಿತು?

ಅದು ಜೈಲಾಯಿತು. ಫಿರಂಗಿ, ಹಾಯಿ ಎಲ್ಲ ಕಳಚಿ, ಥೇಮ್ಸ್ ನದಿ ಕಡಲು ಸೇರುವಲ್ಲಿರುವ ಶೀರ್ನೆಸ್‌ನಲ್ಲಿ ಲಂಗರು ಹಾಕಿ ನಿಲ್ಲಿಸಿ, ಒಳಗೆ ಕೈದಿಗಳನ್ನು ತುಂಬಿದರು. ಹೀಗೆ ಕಡಲಿಗೆ ಬೇಡವಾದ ಹಡಗಿನ ಒಡಲನ್ನು ಇಂಗ್ಲಿಷಿನಲ್ಲಿ ‘ಹಲ್ಕ್’ ಎನ್ನುತ್ತಾರೆ.

ಈ ಏರ್ಪಾಡು ಶುರುವಾದದ್ದು ಅದಕ್ಕೂ ನಲವತ್ತು ವರ್ಷ ಮೊದಲು. ಅಲ್ಲಿಯವರೆಗೆ ಬ್ರಿಟನ್ ತನ್ನ ಅಪರಾಧಿಗಳನ್ನು ಗಡೀಪಾರು ಮಾಡಿ ಅಮೆರಿಕದ ವರ್ಜೀನಿಯಾ, ಮೇರಿಲ್ಯಾಂಡ್ ವಸಾಹತುಗಳಿಗೆ ಸಾಗಿಸುತ್ತಿತ್ತು. 1775ರಲ್ಲಿ ಅಮೆರಿಕನ್ನರು ದಂಗೆಯೆದ್ದರು, ಆ ದಾರಿ ಮುಚ್ಚಿತು. ನ್ಯಾಯಾಲಯಗಳು ಮಾತ್ರ ಗಡೀಪಾರಿನ ಶಿಕ್ಷೆ ಕೊಡುವುದನ್ನು ನಿಲ್ಲಿಸಲಿಲ್ಲ. ಜೈಲುಗಳು ತುಂಬಿ ತುಳುಕಿದವು. 1776ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು: ಕೈದಿಗಳನ್ನು ಥೇಮ್ಸ್ ನದಿಯ ಹಡಗುಗಳಲ್ಲಿಟ್ಟು ಹೂಳೆತ್ತುವ ಕೆಲಸಕ್ಕೆ ಹಚ್ಚಬಹುದು. ಕಾಯಿದೆಯ ಅವಧಿ ಎರಡೇ ವರ್ಷ. ದಂಗೆ ಅಡಗಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ, ಸದ್ಯಕ್ಕೆ ಇಷ್ಟಿರಲಿ ಎಂಬುದು ಲೆಕ್ಕಾಚಾರ.

ಗುತ್ತಿಗೆ ಸಿಕ್ಕಿದ್ದು ಡಂಕನ್ ಕ್ಯಾಂಪ್‌ಬೆಲ್ ಎಂಬ ವ್ಯಾಪಾರಿಗೆ. ಅಮೆರಿಕಕ್ಕೆ ಕೈದಿಗಳನ್ನು ಸಾಗಿಸುತ್ತಿದ್ದವನೂ ಅವನೇ. ವೂಲಿಚ್ ಬಳಿ ನಿಂತ ಅವನ ಹಡಗಿನ ಹೆಸರು ‘ಜಸ್ಟಿಷಿಯಾ’. ಲ್ಯಾಟಿನ್‌ನಲ್ಲಿ ಹಾಗೆಂದರೆ ನ್ಯಾಯ. ಹಗಲಿಡೀ ಕಾಲಿಗೆ ಬೇಡಿ ತೊಟ್ಟು ನದಿಯ ಮರಳು, ಕೆಸರು ಎತ್ತುವುದು, ದಡದಲ್ಲಿದ್ದ ಶಸ್ತ್ರಾಗಾರದ ಕೆಲಸ ಮಾಡುವುದು. ರಾತ್ರಿ ಗಾಳಿಯಾಡದ ಒಳ ಅಂತಸ್ತಿನಲ್ಲಿ ಒತ್ತೊತ್ತಾಗಿ ಮಲಗುವುದು. ಜೈಲು ಸುಧಾರಕ ಜಾನ್ ಹೋವರ್ಡ್ ಅದೇ ವರ್ಷ ಅಲ್ಲಿಗೆ ಹೋದ. ಅಧಿಕಾರಿ ಅವನಿಗೆ ಒಳ್ಳೆಯ ಬಿಸ್ಕತ್ತು ತೋರಿಸಿದ. ಹೋವರ್ಡ್ ಕಾದು ಕೂತು ಕೈದಿಗಳಿಗೆ ಬಡಿಸಿದ್ದನ್ನು ನೋಡಿದ. ಅದು ಬೂಸಲು ಹಿಡಿದು ಹಸಿರಾಗಿತ್ತು. 1778ರಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿದಾಗ ಹೊರಬಿದ್ದ ಲೆಕ್ಕ ಇದು: 1776ರ ಆಗಸ್ಟ್‌ನಿಂದ 1778ರ ಮಾರ್ಚ್‌ವರೆಗೆ ಬಂದ 632 ಕೈದಿಗಳಲ್ಲಿ 176 ಮಂದಿ ಸತ್ತಿದ್ದರು. ಇವರಲ್ಲಿ ಯಾರಿಗೂ ಮರಣದಂಡನೆ ಜಾರಿಯಾಗಿರಲಿಲ್ಲ.

ಅಷ್ಟು ಗೊತ್ತಾದ ಮೇಲೆ ಏರ್ಪಾಡು ನಿಂತಿತೇ? ಇಲ್ಲ, ಅವಧಿ ಮುಂದುವರಿಯಿತು. 1779ರಲ್ಲಿ ಎರಡು ಹೊಸ ಸೆರೆಮನೆಗಳನ್ನು ಕಟ್ಟಲು ಇನ್ನೊಂದು ಕಾಯಿದೆ ಬಂತು. ಅದರಡಿ ಒಂದೂ ಏಳಲಿಲ್ಲ. ಸೆರೆಮನೆ ಕಟ್ಟಲು ಜಾಗ ಬೇಕು, ಹಣ ಬೇಕು. ಹಳೆಯ ಹಡಗು ಆಗಲೇ ಇತ್ತು, ದುಡಿಯುವ ಕೈಗಳೂ ಅಲ್ಲೇ ಇದ್ದವು. ಅಮೆರಿಕ ಕೈತಪ್ಪಿ ಹೋಗಿ, 1787ರಲ್ಲಿ ಆಸ್ಟ್ರೇಲಿಯಾಕ್ಕೆ ಕೈದಿಗಳ ಮೊದಲ ಹಡಗುಗಳು ಹೊರಟವು. ಆಗಲೂ ಹಲ್ಕ್‌ಗಳು ಹೋಗಲಿಲ್ಲ. ಆ ದೂರದ ಪಯಣಕ್ಕೆ ಕಾಯುವ ಜಾಗವಾದವು. ಎಷ್ಟೋ ಜನ ಶಿಕ್ಷೆಯ ಅವಧಿಯನ್ನೆಲ್ಲ ಅಲ್ಲೇ ಕಳೆದರು.

ಬೆಲೆರೊಫನ್ ಸೇರಿದ್ದು ಈ ಸಾಲಿಗೆ. 1824ರಲ್ಲಿ ಅದರ ಹೆಸರನ್ನೂ ಕಿತ್ತುಕೊಂಡು ಬೇರೊಂದು ಯುದ್ಧನೌಕೆಗೆ ಇಟ್ಟರು. ಹಳೆಯದಕ್ಕೆ ಸಿಕ್ಕಿದ ಹೆಸರು ‘ಕ್ಯಾಪ್ಟಿವಿಟಿ’, ಅಂದರೆ ಸೆರೆ. ಅದರಲ್ಲಿದ್ದ ಬಾಲ ಕೈದಿಗಳನ್ನು ಮರುವರ್ಷ ಚ್ಯಾಥಮ್‌ನಲ್ಲಿದ್ದ ‘ಯೂರಿಯಲಸ್’ಗೆ ಸಾಗಿಸಿದರು. ಅದೂ ಟ್ರಫಾಲ್ಗರ್ ಕಂಡ ಹಡಗೇ. 1843ರವರೆಗೂ ಮಕ್ಕಳ ಜೈಲಾಗಿತ್ತು. ಕ್ಯಾಪ್ಟಿವಿಟಿಯನ್ನು 1836ರಲ್ಲಿ ಒಡೆದು ಹಾಕಲು ಮಾರಿದರು.

ಚ್ಯಾಥಮ್‌ನಲ್ಲೇ ಬಾಲ್ಯದ ಕೆಲವು ವರ್ಷ ಕಳೆದವನು ಚಾರ್ಲ್ಸ್ ಡಿಕನ್ಸ್. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದಿದವರಿಗೆ, ಜೌಗು ನೆಲದ ಸ್ಮಶಾನದಲ್ಲಿ ಪುಟ್ಟ ಪಿಪ್‌ನನ್ನು ಹಿಡಿದು ಹೆದರಿಸುವ ಮ್ಯಾಗ್ವಿಚ್ ನೆನಪಿರಬಹುದು. ಅವನು ತಪ್ಪಿಸಿಕೊಂಡು ಬಂದದ್ದು ಇಂಥದೊಂದು ಹಲ್ಕ್‌ನಿಂದ. ಕಾದಂಬರಿ 1860ರಲ್ಲಿ ಧಾರಾವಾಹಿಯಾಗಿ ಬರತೊಡಗಿದಾಗ ಇಂಗ್ಲೆಂಡಿನ ಕೊನೆಯ ಹಲ್ಕ್ ಇಲ್ಲವಾಗಿ ಮೂರು ವರ್ಷವಷ್ಟೇ ಆಗಿತ್ತು. 1847ರಲ್ಲಿ ಸಂಸತ್ ಸದಸ್ಯ ಥಾಮಸ್ ಡನ್‌ಕೂಂಬ್ ವೂಲಿಚ್ ಹಲ್ಕ್‌ಗಳ ದುಃಸ್ಥಿತಿಯನ್ನು ಸದನದಲ್ಲಿ ಎತ್ತಿದ, ವಿಚಾರಣೆಯಾಯಿತು. ಮರುವರ್ಷ ಪೋರ್ಟ್‌ಲೆಂಡ್‌ನಲ್ಲಿ, ಆಮೇಲೆ ಬೇರೆಡೆ ನೆಲದ ಮೇಲೆ ಸೆರೆಮನೆಗಳು ತೆರೆದವು. 1857ರಲ್ಲಿ ವೂಲಿಚ್‌ನಲ್ಲಿ ‘ಡಿಫೆನ್ಸ್’ ಹಡಗು ಬೆಂಕಿಗೆ ಆಹುತಿಯಾಗುವುದರೊಂದಿಗೆ ಹಲ್ಕ್‌ಗಳ ಕಾಲ ಮುಗಿಯಿತು. ಎರಡು ವರ್ಷಕ್ಕೆಂದು ಬಂದದ್ದು 81 ವರ್ಷ ಉಳಿದಿತ್ತು.

ಕ್ರೌರ್ಯ ಮಾಡಬೇಕೆಂದು ಯಾರೂ ಈ ಕಾಯಿದೆ ಬರೆಯಲಿಲ್ಲ. ಒಂದು ತೊಂದರೆ ದಾಟಲು ಬರೆದರು. ನೀರಿನ ಮೇಲಿನ ಸೆರೆ ಊರಿನ ಕಣ್ಣಿಗೆ ಅಷ್ಟಾಗಿ ಬೀಳದು, ಅಗ್ಗವೂ ಹೌದು. ಹಾಗಾಗಿ ಅದನ್ನು ಮುಗಿಸುವ ಅವಸರ ಯಾರಿಗೂ ಇರಲಿಲ್ಲ. 1997ರಲ್ಲಿ, ಬ್ರಿಟನ್ನಿನ ಜೈಲುಗಳು ಮತ್ತೆ ತುಂಬಿದಾಗ, ಅದೇ ಪೋರ್ಟ್‌ಲೆಂಡ್‌ನ ಬಂದರಿಗೆ ‘ವಿಯರ್’ ಎಂಬ ತೇಲುವ ಜೈಲು ಬಂತು. ಅದನ್ನು ಮುಚ್ಚಿದ್ದು 2005ರಲ್ಲಿ. ಅದನ್ನು ತರುವಾಗಲೂ ಹೇಳಿದ್ದು ಇದು ತಾತ್ಕಾಲಿಕ ಎಂದೇ.