ಅಕ್ಕಿ ಚೀಲಗಳ ಮೇಲೆ ದಪ್ಪ ಓರೆ ಅಕ್ಷರಗಳ ಬಳಕೆ: ಅರ್ಜಿದಾರರ ಮಾಹಿತಿಗಾಗಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಭತ್ತದ ಕಣಜವೆಂದು ಹೆಸರಾಗಿರುವ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲದ ಮೇಲಿನ ಬ್ರ್ಯಾಂಡ್ ಹೆಸರಿಗೆ ದಪ್ಪ ಗೆರೆಯ, ಇಕ್ಕಟ್ಟಾದ, ಚೂಪು ಮೂಲೆಗಳ, ಬಲಕ್ಕೆ ವಾಲಿದ ಅಕ್ಷರಗಳನ್ನು ಬಳಸುವುದುಂಟು. ಉದ್ದನೆಯ ಹೆಸರೂ ಚೀಲದ ಅಗಲದಲ್ಲಿ ಹಿಡಿಸುತ್ತದೆ. ಅಟ್ಟಿಯಲ್ಲಿ ಒಟ್ಟಿದ ಚೀಲವೂ ದೂರದಿಂದಲೇ ಗುರುತು ಸಿಗುತ್ತದೆ. ಶೀರ್ಷಿಕೆಗೆಂದೇ ರೂಪಿಸಿದ ಈ ಬಗೆಯ ಅಕ್ಷರಗಳಿಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ.

ಇಟಾಲಿಕ್ ಎಂಬ ಓರೆ ಅಕ್ಷರವು ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್‌ನ ಪುಸ್ತಕಗಳ ಮೂಲಕ 1501ರಲ್ಲಿ ಬಳಕೆಗೆ ಬಂದಿತು. ದುಂಡಗಿನ ಕನ್ನಡ ಲಿಪಿಗೆ ಅಂತಹ ಪರಂಪರೆ ಇಲ್ಲ. ಡಿ.ಟಿ.ಪಿ. ಕೇಂದ್ರಗಳಲ್ಲಿ ಓರೆ ಫಾಂಟ್ ಇಲ್ಲದಿದ್ದಾಗ ನೇರ ಅಕ್ಷರವನ್ನೇ ಗಣಕಯಂತ್ರದಲ್ಲಿ ವಾಲಿಸಿ, ಅಕ್ಕಪಕ್ಕದಿಂದ ಒತ್ತಲಾಗುತ್ತದೆ. ಆಗ ಒತ್ತಕ್ಷರವು ತನ್ನ ಅಕ್ಷರದ ಅಡಿಯಿಂದ ಎಡಕ್ಕೆ ಸರಿದಂತೆ ಕಾಣುತ್ತದೆ. ಹೆಣೆದ ಪ್ಲಾಸ್ಟಿಕ್ ಚೀಲದ ಮೇಲೆ ಶಾಯಿ ಹರಡಿದರೆ ಮಹಾಪ್ರಾಣದ ಸೀಳು ಮುಚ್ಚಿ ‘ಧ’ವು ‘ದ’ವಾಗುತ್ತದೆ, 6 ಮತ್ತು 8ರ ಒಳಜಾಗ ತುಂಬಿದರೆ ಎರಡೂ ಒಂದೇ. ಬ್ರ್ಯಾಂಡ್ ಹೆಸರನ್ನು ಗ್ರಾಹಕರು ಚಿತ್ರ, ಬಣ್ಣಗಳಿಂದಲಾದರೂ ಗುರುತಿಸಿಯಾರು. ತೂಕ ಮತ್ತು ಬೆಲೆಯನ್ನು ಓದಿಯೇ ತಿಳಿಯಬೇಕು.

ಆದ್ದರಿಂದ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ಅನ್ವಯ ಕಡ್ಡಾಯ ಘೋಷಣೆಗಳು ಸ್ಪಷ್ಟವಾಗಿಯೂ ಎದ್ದು ಕಾಣುವಂತೆಯೂ ಇರತಕ್ಕದ್ದು. ನಿಯಮ 7ರ ಪ್ರಕಾರ ಘೋಷಣೆಯ ಅಕ್ಷರ ಅಥವಾ ಅಂಕಿಯ ಅಗಲವು ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಕೂಡದು. ‘1’ ಅಂಕಿಗೆ ಹಾಗೂ ಇಂಗ್ಲಿಷಿನ ‘ಐ’, ‘ಎಲ್’ ಅಕ್ಷರಗಳಿಗೆ ಮಾತ್ರ ವಿನಾಯಿತಿ ಇದೆ. ಉದಾಹರಣೆಗೆ, 6 ಮಿ.ಮೀ. ಎತ್ತರದ ‘5’ ಕನಿಷ್ಠ 2 ಮಿ.ಮೀ. ಅಗಲವಿರಬೇಕು. ಎತ್ತರವನ್ನಷ್ಟೇ ಪಾಲಿಸಿ ಅಂಕಿಯನ್ನು ಕಿರಿದುಗೊಳಿಸಿದರೆ ನಿಯಮ ಪಾಲಿಸಿದಂತಾಗುವುದಿಲ್ಲ. ನಿವ್ವಳ ತೂಕ ಮತ್ತು ಬೆಲೆಯ ಅಂಕಿಗಳ ಬಣ್ಣವು ಹಿನ್ನೆಲೆಗಿಂತ ಭಿನ್ನವಾಗಿ ಎದ್ದು ಕಾಣಬೇಕು. ಘೋಷಣೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕಾಗಿದ್ದು, ಅವುಗಳ ಜೊತೆಗೆ ಕನ್ನಡದಲ್ಲಿಯೂ ಮುದ್ರಿಸಬಹುದು. ಸ್ಥಳೀಯ ಗ್ರಾಹಕರ ದೃಷ್ಟಿಯಿಂದ ಹಾಗೆ ಮಾಡುವುದೇ ಲೇಸು.

ಓರೆ ಅಕ್ಷರವೆಂಬ ಒಂದೇ ಕಾರಣಕ್ಕೆ ನಿಷೇಧವಿಲ್ಲವಾದರೂ, ಘೋಷಣೆಗಳಿಗೆ ನೇರವಾದ, ಸಾಧಾರಣ ಅಗಲದ ಅಕ್ಷರಗಳೇ ಸೂಕ್ತ. ಗಣಕಯಂತ್ರದ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಚೀಲದ ಮೇಲೂ ಹಾಗೆಯೇ ಮೂಡುವುದೆಂದು ಭಾವಿಸಲಾಗದು. ಸಾವಿರಾರು ಚೀಲಗಳನ್ನು ಅಚ್ಚು ಹಾಕಿಸಿದ ಮೇಲೆ ದೋಷ ಕಂಡುಬಂದರೆ ಪೂರ್ತಿ ದಾಸ್ತಾನು ವ್ಯರ್ಥವಾಗುವುದರಿಂದ, ಮೊದಲು ಒಂದು ಚೀಲದ ಮೇಲೆ ಮಾದರಿ ಮುದ್ರಿಸಿ, ಅಂಕಿಗಳ ಎತ್ತರ ಹಾಗೂ ಅಗಲವನ್ನು ಅಳತೆಪಟ್ಟಿಯಿಂದ ಅಳೆದು ನೋಡುವುದು ಕ್ಷೇಮ.

ಪೊಟ್ಟಣ ಕಟ್ಟುವವರು ಕೆಲಸ ಆರಂಭಿಸಿದ 90 ದಿನಗಳೊಳಗೆ ನಿಯಮ 27ರಡಿ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಈ ನೋಂದಣಿಯು ಪೊಟ್ಟಣ ಕಟ್ಟುವವರ ಹೆಸರು ಮತ್ತು ವಿಳಾಸಕ್ಕೆ ಸಂಬಂಧಿಸಿದ್ದಾಗಿದ್ದು, ಚೀಲದ ಮೇಲಿನ ಮುದ್ರಣಕ್ಕೆ ನೀಡಿದ ಅನುಮೋದನೆಯಲ್ಲ ಎಂಬುದನ್ನು ಅರ್ಜಿದಾರರು ಗಮನಿಸುವುದು.