ಬೌದ್ಧಿಕ ಗುಣದೋಷಗಳು

ತಿಳಿಯುವ, ನಂಬುವ, ಶಂಕಿಸುವ ಕೆಲಸದಲ್ಲಿ ಮನುಷ್ಯನಿಗೆ ನೆರವಾಗುವ ಅಥವಾ ಅಡ್ಡಬರುವ ಸ್ವಭಾವಗಳನ್ನು ಜ್ಞಾನಮೀಮಾಂಸೆಯಲ್ಲಿ ಬೌದ್ಧಿಕ ಗುಣದೋಷಗಳೆಂದು ಕರೆಯುತ್ತಾರೆ. ಇನ್ನೊಬ್ಬರ ಮಾತಿಗೆ ಕಿವಿಗೊಡುವುದು, ತಪ್ಪನ್ನು ಒಪ್ಪುವ ವಿನಯ, ಒಲ್ಲದ ಸತ್ಯವನ್ನು ಎದುರಿಸುವ ಧೈರ್ಯ ಇವು ಗುಣಗಳು. ದುಡುಕು, ಹಮ್ಮು, ವಿಚಾರಿಸಲು ಸೋಮಾರಿತನ ಇವು ದೋಷಗಳು. 'ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು' ಎಂಬ ಗಾದೆ ಕೇಳಿದ್ದನ್ನೆಲ್ಲ ನಂಬುವವನನ್ನು ಗೇಲಿ ಮಾಡಿದರೆ, 'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬುದು ಯಾರು ಹೇಳಿದರೂ ಕೇಳದವನನ್ನು.

ಅರಿಸ್ಟಾಟಲ್ 'ನಿಕೊಮೇಕಿಯನ್ ನೀತಿಶಾಸ್ತ್ರ'ದ ಆರನೆಯ ಭಾಗದಲ್ಲಿ ಮನಸ್ಸನ್ನು ಸತ್ಯಕ್ಕೆ ಮುಟ್ಟಿಸುವ ಐದು ಸ್ಥಿತಿಗಳನ್ನು ಹೇಳಿದ. ಆದರೆ ವಿನಯ, ಧೈರ್ಯಗಳ ಇಂದಿನ ಪಟ್ಟಿ ಅವನ ಬೌದ್ಧಿಕ ಗುಣಗಳಿಗಿಂತ ನೈತಿಕ ಗುಣಗಳಿಗೇ ಹತ್ತಿರ.

ನಂಬಿಕೆಗೂ ಹೊಣೆಗಾರಿಕೆ ಉಂಟೆಂದು ಖಡಾಖಂಡಿತವಾಗಿ ಹೇಳಿದವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್. 1877ರ ಅವನ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿಗೆ ದುಡ್ಡು ಬೇಕು, ವಲಸೆ ಹೊರಟ ಕುಟುಂಬಗಳು ಹತ್ತಲು ಕಾದಿವೆ. ಇಷ್ಟು ಸಲ ಹೋಗಿಬಂದ ಹಡಗು ಈ ಸಲವೂ ಬಂದೀತು, ದೇವರಿದ್ದಾನೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಕೊನೆಗೆ ಮನಸಾರೆ ನಂಬಿಯೂ ಬಿಡುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ಎಣಿಸಿಕೊಳ್ಳುತ್ತಾನೆ. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ 1896ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಮೋಸಹೋಗುವ ಭಯವೂ ಒಂದು ಭಯವೇ. ಅದಕ್ಕೆ ಅಂಜಿ ಕೂತವನಿಗೆ ಎಷ್ಟೋ ಸತ್ಯಗಳು ದಕ್ಕುವುದೇ ಇಲ್ಲ ಎಂಬುದು ಅವನ ವಾದದ ತಿರುಳು.

ಗುಣವನ್ನೇ ಆಧಾರವಾಗಿಟ್ಟ ಜ್ಞಾನಮೀಮಾಂಸೆ ಅರ್ನೆಸ್ಟ್ ಸೋಸಾ ಅವರ 1980ರ ಲೇಖನದಿಂದ ಹೊಸದಾಗಿ ಚಾಲ್ತಿಗೆ ಬಂತು. ಸೋಸಾ ಕಣ್ಣು, ನೆನಪು, ತರ್ಕಶಕ್ತಿಗಳನ್ನೂ ಗುಣಗಳೆಂದು ಎಣಿಸಿದರು. ಲಿಂಡಾ ಜಾಗ್ಜೆಬ್ಸ್ಕಿ 1996ರ ತಮ್ಮ ಗ್ರಂಥದಲ್ಲಿ ರೂಢಿಸಿಕೊಂಡ ಸ್ವಭಾವವನ್ನೂ ಸತ್ಯದ ಹಂಬಲವನ್ನೂ ಮುಂದಿಟ್ಟರು. ಎರಡನೆಯ ಮತಕ್ಕೆ ಸಣ್ಣದೊಂದು ತೊಡಕಿದೆ: ರಾತ್ರಿ ಕರೆಂಟು ಹೋದಾಗ ಕೋಣೆ ಕತ್ತಲಾಯಿತೆಂದು ತಿಳಿಯಲು ಯಾವ ಸದ್ಗುಣವೂ ಬೇಡ, ಕಣ್ಣಿದ್ದರೆ ಸಾಕು.

ದೋಷಗಳ ಕಡೆ ತತ್ತ್ವಜ್ಞರ ಗಮನ ಹರಿದದ್ದು ತಡವಾಗಿ. ಕ್ವಾಸಿಂ ಕಸಂ ಅವರ 2019ರ ಪುಸ್ತಕ ಇರಾಕ್ ಯುದ್ಧದಿಂದ ಶುರುವಾಗುತ್ತದೆ. ಇರಾಕನ್ನು ಹಿಡಿತದಲ್ಲಿಡಲು ಕೆಲವು ಲಕ್ಷ ಸೈನಿಕರು ಬೇಕಾದಾರೆಂದು ಅಮೆರಿಕದ ಭೂಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ 2003ರ ಫೆಬ್ರುವರಿಯಲ್ಲೇ ಸೆನೆಟ್ ಸಮಿತಿಗೆ ಹೇಳಿದ್ದರು. ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಹಿತಿ ಇರಲಿಲ್ಲವೆಂದಲ್ಲ, ಹಮ್ಮು ಅದಕ್ಕೆ ದಾರಿ ಬಿಡಲಿಲ್ಲ ಎಂಬುದು ಕಸಂ ಅವರ ವಾದ.

ಸಂದೇಹ ಗುಣವೋ ದೋಷವೋ ಎಂಬುದು ಹೆಚ್ಚು ಕಠಿಣ ಪ್ರಶ್ನೆ. ಗ್ರೀಕ್ ಸಂದೇಹವಾದಿ ಸೆಕ್ಸ್‌ಟಸ್ ಎಂಪಿರಿಕಸ್, ತನ್ನ ವಾದಗಳು ಪಂಡಿತರ ಹಮ್ಮಿಗೂ ದುಡುಕಿಗೂ ಕೊಡುವ ಔಷಧ ಎಂದ. ಅವನು ವೃತ್ತಿಯಲ್ಲಿ ವೈದ್ಯ. ನಮ್ಮ ನ್ಯಾಯದರ್ಶನ ಸಂಶಯವನ್ನು ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸುತ್ತದೆ. ವಿಚಾರಕ್ಕೆ ಚಾಲನೆ ಸಿಗುವುದೇ ಅದರಿಂದ. ಆದರೆ ಅದು ಎಲ್ಲಿ ನಿಲ್ಲಬೇಕು? ನಡತೆಗೆ ವಿರೋಧ ಬರುವಲ್ಲಿ ಎಂದು ನೈಯಾಯಿಕ ಉದಯನ ಒಂದು ಶ್ಲೋಕದಲ್ಲಿ ಹೇಳಿದ. 14ನೆಯ ಶತಮಾನದ ಗಂಗೇಶ ಇದನ್ನೇ ಬಿಡಿಸಿ ಹೇಳಿದ: ಬೆಂಕಿಯಿಂದ ಹೊಗೆ ಬರುತ್ತದೆಂಬುದು ನಿಜವಾಗಿ ಅನುಮಾನವಾದರೆ, ಹೊಗೆ ಬೇಕಾದಾಗ ಬೆಂಕಿಯನ್ನೇ ಏಕೆ ಹುಡುಕುತ್ತೀಯೆ? ಹಸಿದಾಗ ಊಟಕ್ಕೇ ಏಕೆ ಕೂರುತ್ತೀಯೆ? ಇವರಿಬ್ಬರ ನಡುವೆ ಬಂದ, ನ್ಯಾಯದರ್ಶನದ ಎದುರಾಳಿ ಶ್ರೀಹರ್ಷ, ಉದಯನನ ಶ್ಲೋಕವನ್ನೇ ತಿರುಗಿಸಿ, ವಿರೋಧ ಇದ್ದರೆ ಸಂದೇಹವೂ ಇದ್ದೇ ಇದೆ ಎಂದಿದ್ದ.

ಹಟಕ್ಕೆ ಬಿದ್ದು ಮಾತಿಗೆ ಮಾತು ಬೆಳೆಸುವವರನ್ನೆಲ್ಲ ಕನ್ನಡದಲ್ಲಿ ವಿತಂಡವಾದಿ ಎನ್ನುವುದು ರೂಢಿ. ನ್ಯಾಯಸೂತ್ರದಲ್ಲಿ ವಿತಂಡವೆಂದರೆ ಸ್ವಂತ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವ ಚರ್ಚೆ ಮಾತ್ರ. ಶ್ರೀಹರ್ಷ ಆ ದಾರಿಯನ್ನು ಬೇಕೆಂದೇ ಹಿಡಿದವನು.