ಚತುರ್ಥಕ
ಚತುರ್ಥಕ ಎಂದರೆ ಒಂದು ಸಮತಲವನ್ನು, ಆಕೃತಿಯನ್ನು ಅಥವಾ ದೇಹಭಾಗವನ್ನು ಪರಸ್ಪರ ಲಂಬವಾಗಿರುವ ಎರಡು ರೇಖೆಗಳಿಂದ ವಿಭಾಗಿಸಿದಾಗ ದೊರೆಯುವ ನಾಲ್ಕು ಭಾಗಗಳಲ್ಲಿ ಒಂದು. ಈ ಪದವು ರೇಖಾಗಣಿತ, ನಿರ್ದೇಶಾಂಕ ರೇಖಾಗಣಿತ ಹಾಗೂ ಅಂಗರಚನಾಶಾಸ್ತ್ರಗಳಲ್ಲಿ ಬಳಕೆಯಲ್ಲಿದೆ.

ವೃತ್ತದ ಚತುರ್ಥಕ

ಪರಸ್ಪರ ಲಂಬವಾದ ಎರಡು ತ್ರಿಜ್ಯಗಳು ಹಾಗೂ ಅವುಗಳ ನಡುವಿನ ಕಂಸದಿಂದ ಆವೃತವಾದ ಭಾಗವೇ ವೃತ್ತದ ಚತುರ್ಥಕ. ಇದರ ಕೇಂದ್ರಕೋನ 90 ಡಿಗ್ರಿ; ವಿಸ್ತೀರ್ಣವು ವೃತ್ತದ ವಿಸ್ತೀರ್ಣದ ಕಾಲು ಭಾಗ. ಪೈ ಬೆಲೆಯನ್ನು 22/7 ಎಂದಿಟ್ಟುಕೊಂಡರೆ, 7 ಸೆಂ.ಮೀ. ತ್ರಿಜ್ಯದ ಚತುರ್ಥಕದ ವಿಸ್ತೀರ್ಣ 38.5 ಚದರ ಸೆಂ.ಮೀ., ಕಂಸದ ಉದ್ದ 11 ಸೆಂ.ಮೀ. ಸುತ್ತಳತೆಗೆ ಎರಡು ತ್ರಿಜ್ಯಗಳನ್ನೂ ಸೇರಿಸಬೇಕಾದ್ದರಿಂದ ಅದು 25 ಸೆಂ.ಮೀ. ಆಗುತ್ತದೆ.

ನಿರ್ದೇಶಾಂಕ ಸಮತಲದಲ್ಲಿ

ಎಕ್ಸ್-ಅಕ್ಷ ಮತ್ತು ವೈ-ಅಕ್ಷಗಳು ಮೂಲಬಿಂದುವಿನಲ್ಲಿ ಛೇದಿಸಿ ಸಮತಲವನ್ನು ನಾಲ್ಕು ಚತುರ್ಥಕಗಳಾಗಿ ವಿಭಾಗಿಸುತ್ತವೆ. ಬಲ ಮೇಲ್ಭಾಗದಿಂದ ಆರಂಭಿಸಿ ಅಪ್ರದಕ್ಷಿಣವಾಗಿ ಇವುಗಳನ್ನು ಎಣಿಸಲಾಗುತ್ತದೆ. ಬಿಂದುವಿನ ನಿರ್ದೇಶಾಂಕಗಳ ಚಿಹ್ನೆಗಳು ಕ್ರಮವಾಗಿ ಹೀಗಿವೆ:

* ಮೊದಲನೆಯದು: (+, +)
* ಎರಡನೆಯದು: (−, +)
* ಮೂರನೆಯದು: (−, −)
* ನಾಲ್ಕನೆಯದು: (+, −)

ಉದಾಹರಣೆಗೆ, (−3, 5) ಬಿಂದುವು ಎರಡನೆಯ ಚತುರ್ಥಕದಲ್ಲಿದೆ. ಅಕ್ಷಗಳ ಮೇಲಿನ ಬಿಂದುಗಳು ಯಾವ ಚತುರ್ಥಕಕ್ಕೂ ಸೇರುವುದಿಲ್ಲ. ಈ ಪದ್ಧತಿಗೆ ಫ್ರಾನ್ಸ್‌ನ ಗಣಿತಜ್ಞ ರೆನೆ ಡೆಕಾರ್ಟ್‌ನ ಹೆಸರಿನಿಂದ ಕಾರ್ಟೀಸಿಯನ್ ಪದ್ಧತಿ ಎಂಬ ಹೆಸರು ಬಂದಿದೆ. ಅವನ 'ಲಾ ಜ್ಯೊಮೆತ್ರಿ' ಕೃತಿಯು 1637ರಲ್ಲಿ ಪ್ರಕಟವಾಯಿತು.

ಅಂಗರಚನಾಶಾಸ್ತ್ರದಲ್ಲಿ

ಹೊಕ್ಕುಳಿನ ಮೂಲಕ ಹಾದುಹೋಗುವ ಒಂದು ಲಂಬ ರೇಖೆ ಹಾಗೂ ಒಂದು ಅಡ್ಡ ರೇಖೆಯನ್ನು ಕಲ್ಪಿಸಿಕೊಂಡು ಉದರವನ್ನು ನಾಲ್ಕು ಚತುರ್ಥಕಗಳಾಗಿ ವಿಭಾಗಿಸಲಾಗುತ್ತದೆ. ಪ್ರತಿಯೊಂದರಲ್ಲಿರುವ ಪ್ರಮುಖ ಅಂಗಗಳು:

* ಬಲ ಮೇಲಿನದು: ಯಕೃತ್ತಿನ ಹೆಚ್ಚಿನ ಭಾಗ, ಪಿತ್ತಕೋಶ
* ಎಡ ಮೇಲಿನದು: ಜಠರದ ಹೆಚ್ಚಿನ ಭಾಗ, ಗುಲ್ಮ
* ಬಲ ಕೆಳಗಿನದು: ದೊಡ್ಡ ಕರುಳಿನ ಆರಂಭದ ಭಾಗ, ಅಪೆಂಡಿಕ್ಸ್
* ಎಡ ಕೆಳಗಿನದು: ದೊಡ್ಡ ಕರುಳಿನ ಇಳಿಭಾಗ ಹಾಗೂ ಸಿಗ್ಮಾಯ್ಡ್ ಭಾಗ

ಇಲ್ಲಿ ಎಡ, ಬಲ ಎಂಬುವು ರೋಗಿಯ ಎಡಬಲಗಳೇ ಹೊರತು ನೋಡುವವರದಲ್ಲ. ಆದ್ದರಿಂದ ಚಿತ್ರದಲ್ಲಿ ರೋಗಿಯ ಬಲಭಾಗವು ಓದುಗರ ಎಡಕ್ಕೆ ಕಾಣುತ್ತದೆ.

ವೈದ್ಯಕೀಯ ಮಹತ್ವ

ನೋವಿರುವ ಚತುರ್ಥಕವು ರೋಗಪತ್ತೆಗೆ ಮೊದಲ ಸುಳಿವನ್ನು ನೀಡುತ್ತದೆ. ಅಪೆಂಡಿಕ್ಸ್‌ನ ಉರಿಯೂತದಲ್ಲಿ ನೋವು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಆರಂಭವಾಗಿ ಅನಂತರ ಬಲ ಕೆಳಗಿನ ಚತುರ್ಥಕಕ್ಕೆ ಸರಿಯುತ್ತದೆ. ಚಿಕಿತ್ಸೆ ವಿಳಂಬವಾದರೆ ಅಪೆಂಡಿಕ್ಸ್ ಒಡೆದು ಪ್ರಾಣಾಪಾಯ ಉಂಟಾಗಬಹುದು. ಆದರೆ ನೋವಿನ ಸ್ಥಾನವೊಂದರಿಂದಲೇ ರೋಗವನ್ನು ನಿರ್ಣಯಿಸಲಾಗದು. ಗರ್ಭಿಣಿಯರಲ್ಲಿ ಅಪೆಂಡಿಕ್ಸ್ ಮೇಲಕ್ಕೆ ಸರಿದಿರಬಹುದು. ಅಂಗಗಳು ಹುಟ್ಟಿನಿಂದಲೇ ಎಡಬಲ ಅದಲುಬದಲಾಗಿರುವ ಅಪರೂಪದ ವ್ಯಕ್ತಿಗಳಲ್ಲಿ ಅದು ಎಡಭಾಗದಲ್ಲಿರುತ್ತದೆ. ಹೆಚ್ಚಿನ ನಿಖರತೆ ಬೇಕಾದಾಗ ಉದರವನ್ನು ಒಂಬತ್ತು ಭಾಗಗಳಾಗಿ ವಿಭಾಗಿಸುವ ಕ್ರಮವೂ ಇದೆ.